ರೋಡ್ ಬೈಕಿನ ಬಾಗಿದ ಹ್ಯಾಂಡಲ್ (ಡ್ರಾಪ್ ಬಾರ್) ತೆಗೆದು ನೇರ ಹ್ಯಾಂಡಲ್ (ಫ್ಲಾಟ್ ಬಾರ್) ಹಾಕಿಸಬೇಕು, ಆಫೀಸ್ ಓಡಾಟಕ್ಕೆ. ಸರಿಹೋಗುತ್ತಾ?

ಕತ್ರಿಗುಪ್ಪೆ ಸವಾರ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಅಲ್ಯುಮಿನಿಯಂ ರೋಡ್ ಬೈಕ್ ಇದೆ. ಶಿಮಾನೋ ಕ್ಲಾರಿಸ್ ಗೇರ್ ಸೆಟ್, ಹಿಂದೆ 8 ಸ್ಪೀಡ್, ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ರಿಮ್ ಬ್ರೇಕ್ (ಚಕ್ರದ ಅಂಚು ಹಿಡಿಯುವ ಬ್ರೇಕ್), ಕಾರ್ಬನ್ ಫೋರ್ಕ್. ಭಾನುವಾರ ನಂದಿ ಬೆಟ್ಟದ ಕಡೆ ಹೋಗೋಕೆ ಅಂತ ತಗೊಂಡಿದ್ದು. ಈಗ ಅದೇ ಸೈಕಲ್‌ನಲ್ಲಿ ಆಫೀಸಿಗೆ ಹೋಗುತ್ತಿದ್ದೇನೆ, ಕತ್ರಿಗುಪ್ಪೆಯಿಂದ ಬೆಳ್ಳಂದೂರಿಗೆ, ರಿಂಗ್ ರೋಡ್ ಉದ್ದಕ್ಕೂ. ಬೆನ್ನ ಮೇಲೆ ಲ್ಯಾಪ್‌ಟಾಪ್ ಬ್ಯಾಗ್ ಇರುತ್ತದೆ. ಬಿಟಿಎಂ ದಾಟಿ ಸಿಲ್ಕ್ ಬೋರ್ಡ್ ಕಡೆ ಡಬಲ್ ಡೆಕ್ಕರ್ ಫ್ಲೈಓವರ್ ಕೆಳಗೆ ಹೋಗುವಾಗ ಆಟೋ, ಬಸ್ಸು, ಬೈಕು ಎಲ್ಲ ಎಲ್ಲಿ ಬೇಕಾದರೂ ನಿಲ್ಲುತ್ತವೆ. ಅಲ್ಲಿ ಬ್ರೇಕ್ ಹುಡುಕುವಷ್ಟರಲ್ಲಿ ಎದೆ ಧಸಕ್ ಅನ್ನುತ್ತದೆ. ಮನೆಗೆ ಬರುವಷ್ಟರಲ್ಲಿ ಕತ್ತು ಹಿಡಿದಿರುತ್ತದೆ. ಹ್ಯಾಂಡಲ್ ಬದಲಾಯಿಸಿ ಫ್ಲಾಟ್ ಬಾರ್ ಹಾಕಿಸಿದರೆ ಹೇಗೆ? ಹ್ಯಾಂಡಲ್ ಒಂದನ್ನೇ ತಂದರೆ ಸಾಕಾ, ಬೇರೆ ಏನೇನು ಬದಲಾಗಬೇಕು? ಮಾಡಿಸಿದವರು ದಯವಿಟ್ಟು ಹೇಳಿ.

ಡಬಲ್ ಸ್ಟ್ಯಾಂಡ್
ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮಾರಿಬಿಡಿ, ಒಂದು ಹೈಬ್ರಿಡ್ (ನೇರ ಹ್ಯಾಂಡಲ್ ಇರುವ, ಊರ ಓಡಾಟದ ಸೈಕಲ್) ತಗೊಳ್ಳಿ. ಹ್ಯಾಂಡಲ್ ಬದಲಾದರೆ ಬ್ರೇಕ್ ಲಿವರ್, ಗೇರ್ ಬದಲಾಯಿಸುವ ಶಿಫ್ಟರ್, ಎಲ್ಲ ಕೇಬಲ್, ಗ್ರಿಪ್, ಬಹುಶಃ ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಕೂಡ ಬದಲಾಗಬೇಕು. ಇಷ್ಟೆಲ್ಲ ಖರ್ಚು ಮಾಡಿದ ಮೇಲೂ ಮಡ್‌ಗಾರ್ಡ್ ಹಾಕೋಕೆ ಜಾಗ ಇಲ್ಲ, ಕ್ಯಾರಿಯರ್ ಬೋಲ್ಟ್‌ಗೆ ತೂತು ಇಲ್ಲ, ದಪ್ಪ ಟೈರ್ ಹಿಡಿಸಲ್ಲ. ಹೈಬ್ರಿಡ್‌ನಲ್ಲಿ ಸಾಮಾನ್ಯವಾಗಿ ಇವೆಲ್ಲ ಮೊದಲೇ ಇರುತ್ತವೆ.

ಗೇರುಬೀಜ
ಮಾರೋದು ಕೊನೆಯ ಮಾತು. ಮೊದಲು ಒಂದು ವಿಷಯ ಹೇಳಿ ಕತ್ರಿಗುಪ್ಪೆ ಅವರೇ. ಟ್ರಾಫಿಕ್‌ನಲ್ಲಿ ನಿಮ್ಮ ಕೈ ಹ್ಯಾಂಡಲ್ ಮೇಲೆ ಎಲ್ಲಿರುತ್ತದೆ? ಲಿವರ್ ಮೇಲಿನ ರಬ್ಬರ್ ಹುಡ್ ಮೇಲಾ, ಕೆಳಗಿನ ಬಾಗಿದ ಭಾಗದಲ್ಲಾ, ಅಥವಾ ಮೇಲೆ ಸ್ಟೆಮ್ ಪಕ್ಕದ ನೇರ ಭಾಗದಲ್ಲಾ? ಉತ್ತರ ಇದರಲ್ಲೇ ಇದೆ. ಇನ್ನೊಂದು, ಸ್ಟೆಮ್ ಉದ್ದ ಎಷ್ಟು, ಕೆಳಮುಖವಾಗಿ ಇದೆಯಾ ಮೇಲ್ಮುಖವಾಗಿ ಇದೆಯಾ, ಅದರ ಕೆಳಗೆ ಸ್ಪೇಸರ್ ಉಂಗುರ ಎಷ್ಟಿವೆ ನೋಡಿ ಹೇಳಿ.

ಕತ್ರಿಗುಪ್ಪೆ ಸವಾರ
ಯಾವಾಗಲೂ ಮೇಲೆ, ಸ್ಟೆಮ್ ಪಕ್ಕದಲ್ಲೇ. ಹುಡ್ ಮೇಲೆ ಕೈ ಇಟ್ಟರೆ ತುಂಬಾ ಮುಂದೆ ಬಗ್ಗಿದ ಹಾಗೆ ಆಗುತ್ತದೆ. ನನ್ನ ಬೆರಳುಗಳೂ ಚಿಕ್ಕವು, ಹುಡ್ ಮೇಲಿಂದ ಲಿವರ್ ಎಳೆದರೆ ಪೂರ್ತಿ ಶಕ್ತಿ ಬರಲ್ಲ. ಕೆಳಗೆ ಬಾಗಿ ಹಿಡಿದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಟ್ರಾಫಿಕ್‌ನಲ್ಲಿ ತಲೆ ತಗ್ಗಿಸಿಕೊಂಡು ಹೋಗೋಕೆ ಆಗಲ್ಲ ಅಲ್ವಾ. ಸ್ಟೆಮ್ ಮೇಲೆ 100 ಅಂತ ಬರೆದಿದೆ, ಕೆಳಮುಖವಾಗಿದೆ. ಕೆಳಗೆ ಎರಡು ಸ್ಪೇಸರ್, ಮೇಲೆ ಒಂದು.

ಗೇರುಬೀಜ
ಅಂದುಕೊಂಡ ಹಾಗೇ ಆಯಿತು. ನೀವು ಕೈ ಇಡುವ ಜಾಗದಲ್ಲಿ ಬ್ರೇಕೇ ಇಲ್ಲ. ಹಾಗಾಗಿ ಹ್ಯಾಂಡಲ್ ಕಿತ್ತು ಹಾಕುವ ಮೊದಲು ಎರಡು ಸಣ್ಣ ಕೆಲಸ ಮಾಡಿ ನೋಡಿ.

ಒಂದು, ಸ್ಟೆಮ್ ಬಿಚ್ಚಿ ತಲೆಕೆಳಗು ಮಾಡಿ ಹಾಕಿ, ಮೇಲಿರುವ ಸ್ಪೇಸರ್ ಕೆಳಗೆ ತನ್ನಿ. 100 ಮಿ.ಮೀ. ಸ್ಟೆಮ್, 6 ಡಿಗ್ರಿ ಕೋನ ಇದ್ದರೆ ಬರೀ ತಿರುಗಿಸಿದ್ದಕ್ಕೇ ಹ್ಯಾಂಡಲ್ ಸುಮಾರು 2 ಸೆಂ.ಮೀ. ಮೇಲೆ ಬರುತ್ತದೆ. ಖರ್ಚು ಏನೂ ಇಲ್ಲ, ಅಲೆನ್ ಕೀ ಇದ್ದರೆ ಸಾಕು. ಮತ್ತೆ ಕೂರಿಸುವಾಗ ಮೊದಲು ಮೇಲಿನ ಕ್ಯಾಪ್ ಬೋಲ್ಟ್ ಹದವಾಗಿ ಬಿಗಿ ಮಾಡಿ, ಆಮೇಲೆ ಸ್ಟೆಮ್ ಪಕ್ಕದ ಎರಡು ಬೋಲ್ಟ್. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಹೆಡ್‌ಸೆಟ್‌ನಲ್ಲಿ (ಹ್ಯಾಂಡಲ್ ತಿರುಗುವ ಬೇರಿಂಗ್) ಟಕ್ ಟಕ್ ಅಂದರೆ ಇನ್ನೂ ಸಡಿಲ ಇದೆ ಅಂತ. ನಿಮ್ಮದು ಕಾರ್ಬನ್ ಫೋರ್ಕ್, ಒಳಗಿನ ಸ್ಟೀರರ್ ಟ್ಯೂಬೂ ಕಾರ್ಬನ್ ಇರಬಹುದು. ಜೋರು ಮಾಡಿ ಬಿಗಿದರೆ ಸೀಳುತ್ತದೆ. ಎಷ್ಟು ನ್ಯೂಟನ್ ಮೀಟರ್ ಅಂತ ಸ್ಟೆಮ್ ಮೇಲೇ ಬರೆದಿರುತ್ತದೆ, ಹೆಚ್ಚಾಗಿ 5ರ ಆಸುಪಾಸು.

ಎರಡು, ಇಂಟರಪ್ಟರ್ ಲಿವರ್. ಹ್ಯಾಂಡಲ್‌ನ ಮೇಲಿನ ನೇರ ಭಾಗಕ್ಕೆ ಕೂರುವ ಪುಟ್ಟ ಬ್ರೇಕ್ ಲಿವರ್ ಇದು. ಟೆಕ್ಟ್ರೋ ಕಂಪನಿಯದು ಸಿಗುತ್ತದೆ. ಬ್ರೇಕ್ ಔಟರ್ (ತಂತಿಯ ಹೊರಕವಚ) ಅನ್ನು ಆ ಜಾಗದಲ್ಲಿ ಕತ್ತರಿಸಿ ಮಧ್ಯೆ ಇದನ್ನು ಸೇರಿಸುತ್ತಾರೆ. ಒಳಗಿನ ತಂತಿಯನ್ನು ಇದು ಎಳೆಯಲ್ಲ, ಔಟರ್ ಅನ್ನು ತಳ್ಳುತ್ತದೆ. ಹಾಗಾಗಿ ಹಳೇ ಲಿವರ್ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ, ಹೊಸದೂ ಕೆಲಸ ಮಾಡುತ್ತದೆ. ಸೈಕ್ಲೋಕ್ರಾಸ್ ರೇಸ್ ಸೈಕಲ್‌ಗಳಲ್ಲಿ ಇವು ಇರುತ್ತಿದ್ದವು. ಫ್ಲಾಟ್ ಬಾರ್ ಮಾಡಿಸುವ ಖರ್ಚಿನಲ್ಲಿ ಒಂದು ಸಣ್ಣ ಪಾಲು ಅಷ್ಟೇ. ಕೊಳ್ಳುವಾಗ ಹ್ಯಾಂಡಲ್ ದಪ್ಪ ನೋಡಿ. ಸ್ಟೆಮ್ ಹತ್ತಿರ 31.8 ಮಿ.ಮೀ. ಇದ್ದು ಆಮೇಲೆ ಸಣ್ಣ ಆಗುತ್ತದೆ. ಲಿವರ್‌ನ ಕ್ಲ್ಯಾಂಪ್ ಯಾವ ದಪ್ಪಕ್ಕೆ ಅಂತ ಕೇಳಿ ತಗೊಳ್ಳಿ.

ಗೋಲಗುಮ್ಮಟ
ವಿಜಯಪುರದಿಂದ. ನಮ್ಮೂರಲ್ಲಿ ಹುಡುಗರು ಚಿಕ್ಕಂದಿನಿಂದಲೇ ಡ್ರಾಪ್ ಬಾರ್ ಹಿಡಿದು ಬೆಳೆಯುತ್ತಾರೆ. ಅದಕ್ಕೇ ಇದನ್ನು ಹೇಳಲೇಬೇಕು ಅನ್ನಿಸಿತು. ಡ್ರಾಪ್ ಬಾರ್‌ನಲ್ಲಿ ಕೈ ಇಡೋಕೆ ಮೂರು ಜಾಗ ಇದೆ, ಫ್ಲಾಟ್ ಬಾರ್‌ನಲ್ಲಿ ಒಂದೇ. ಎದುರುಗಾಳಿ ಬಂದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಸೈಕಲ್ ಸವಾರಿಯಲ್ಲಿ ಗಾಳಿಯ ತಡೆ ಬಹುಪಾಲು ನಮ್ಮ ಮೈಯಿಂದಲೇ ಬರೋದು, ಸೈಕಲ್‌ನಿಂದ ಅಲ್ಲ. ನೆಟ್ಟಗೆ ಕೂತರೆ ಅದೇ ವೇಗಕ್ಕೆ ಜಾಸ್ತಿ ತುಳಿಯಬೇಕು. ಕತ್ತು ನೋವು ಅಂದರೆ ಫಿಟ್ ಸರಿ ಇಲ್ಲ ಅಂತ ಅರ್ಥ, ಹ್ಯಾಂಡಲ್ ಜಾತಿ ತಪ್ಪು ಅಂತಲ್ಲ. ಹುಡ್ ಮೇಲೆ ಕೈ ಇಟ್ಟು ಎರಡು ಬೆರಳು ಯಾವಾಗಲೂ ಲಿವರ್ ಮೇಲೆ ಇಡೋದನ್ನು ರೂಢಿ ಮಾಡಿಕೊಳ್ಳಿ. ಲಿವರ್ ಬೆರಳಿಗೆ ಹತ್ತಿರ ತರೋಕೆ ಅನೇಕ ಶಿಮಾನೋ ಲಿವರ್‌ಗಳಲ್ಲಿ ಒಂದು ಸ್ಕ್ರೂ ಇರುತ್ತದೆ, ಅದನ್ನು ಮೊದಲು ನೋಡಿ.

ಸಂಪಿಗೆ ರಸ್ತೆ
ನಾನು ಫಿಸಿಯೋಥೆರಪಿಸ್ಟ್, ಸೈಕಲ್ ತುಳಿಯುವವಳು ಕೂಡ. ಕತ್ತಿನ ವಿಷಯಕ್ಕೆ ಒಂದು ಮಾತು. ಮುಂದೆ ಬಗ್ಗಿದಾಗ ರಸ್ತೆ ನೋಡೋಕೆ ತಲೆ ಹಿಂದಕ್ಕೆ ಎತ್ತಬೇಕು. ಬೆನ್ನ ಮೇಲೆ ಭಾರ ಇದ್ದರೆ ಭುಜವೂ ಮೇಲೆ ಏರಿ ಬಿಗಿಯುತ್ತದೆ. ಆ ಲ್ಯಾಪ್‌ಟಾಪ್ ಬೆನ್ನಿಂದ ಇಳಿದರೇ ಅರ್ಧ ನೋವು ಹೋಗಬಹುದು. ಸೀಟ್ ಮೂತಿ ಕೆಳಗೆ ವಾಲಿದೆಯಾ ನೋಡಿ. ವಾಲಿದ್ದರೆ ಮೈ ಮುಂದಕ್ಕೆ ಜಾರುತ್ತದೆ, ಅದನ್ನು ತಡೆಯೋಕೆ ಕೈ ಊರಬೇಕಾಗುತ್ತದೆ, ನೋವು ಕತ್ತಿಗೂ ಹತ್ತುತ್ತದೆ.

ಆದರೆ ಫ್ಲಾಟ್ ಬಾರ್ ಹಾಕಿದರೆ ನೋವೇ ಇಲ್ಲ ಅಂತ ತಿಳಿಯಬೇಡಿ. ಅಲ್ಲಿ ಅಂಗೈ ಒಂದೇ ಜಾಗದಲ್ಲಿ ಒತ್ತುತ್ತಿರುತ್ತದೆ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯೋದು ಅದರಿಂದಲೇ. ಅಲ್ನಾರ್ ಅನ್ನೋ ನರ ಅಂಗೈಯ ಆ ಅಂಚಿನಲ್ಲೇ ಹೋಗುತ್ತದೆ. ಅಂಗೈ ಊರಲು ಅಗಲ ರೆಕ್ಕೆ ಇರುವ ಗ್ರಿಪ್ ಸಿಗುತ್ತದೆ, ಅದನ್ನೇ ಹಾಕಿಸಿ. ಲಿವರ್ ಅನ್ನು ನೆಲಕ್ಕೆ ಸಮಾನಾಂತರವಾಗಿ ಇಡಬೇಡಿ, ಸ್ವಲ್ಪ ಕೆಳಮುಖವಾಗಿರಲಿ. ಸೀಟ್ ಮೇಲೆ ಕೂತು ಬೆರಳು ಚಾಚಿದರೆ ಮುಂಗೈ, ಮಣಿಕಟ್ಟು, ಬೆರಳು ಎಲ್ಲ ಒಂದೇ ಗೆರೆಯಲ್ಲಿ ಇರಬೇಕು.

ಐಂಡ್‌ಹೋವನ್ ಕನ್ನಡಿಗ
ಇಲ್ಲಿ ನೆದರ್ಲ್ಯಾಂಡ್ಸ್‌ನಲ್ಲಿ ಆಫೀಸಿಗೆ ಹೋಗುವವರು ಹೆಚ್ಚಾಗಿ ನೆಟ್ಟಗೆ ಕೂತೇ ಹೋಗುತ್ತಾರೆ, ಹ್ಯಾಂಡಲ್ ತಮ್ಮ ಕಡೆಗೇ ಬಾಗಿರುತ್ತದೆ. ಆದರೆ ಇಲ್ಲಿ ಸೈಕಲ್‌ಗೆ ಬೇರೆ ದಾರಿ ಇದೆ, ಪಕ್ಕದಿಂದ ಬಸ್ಸು ನುಗ್ಗಲ್ಲ. ಹಾಗಾಗಿ ಇಲ್ಲಿನದನ್ನು ನೋಡಿ ರಿಂಗ್ ರೋಡಿಗೆ ತೀರ್ಮಾನ ಮಾಡೋದು ಬೇಡ. ಬೆಂಗಳೂರಿನಲ್ಲಿ ನಾನು ಸೈಕಲ್ ತುಳಿಯುತ್ತಿದ್ದಾಗ ನನಗೆ ಬೇಕಾಗಿದ್ದು ಎರಡೇ, ತಕ್ಷಣ ಸಿಗುವ ಬ್ರೇಕ್ ಮತ್ತು ಹಿಂದೆ ತಿರುಗಿ ನೋಡೋಕೆ ಆಗುವ ಭಂಗಿ. 2020ರಲ್ಲಿ ಔಟರ್ ರಿಂಗ್ ರೋಡ್‌ನಲ್ಲಿ ಸೈಕಲ್ ಲೇನ್ ಮಾಡಿದಾಗ ತುಂಬಾ ಖುಷಿಪಟ್ಟಿದ್ದೆ. ಅದು ಹಾಗೇ ಉಳಿದಿದ್ದರೆ ಈ ಪ್ರಶ್ನೆಯೇ ಬೇರೆ ಥರ ಇರುತ್ತಿತ್ತು.

ಕತ್ರಿಗುಪ್ಪೆ ಸವಾರ
ಎಲ್ಲರಿಗೂ ಥ್ಯಾಂಕ್ಸ್. ಸ್ಟೆಮ್ ತಿರುಗಿಸಿದೆ, ಸೀಟ್ ಮಟ್ಟ ಮಾಡಿದೆ. ಕತ್ತಿಗೆ ನಿಜವಾಗಿಯೂ ಹಗುರ ಆಯಿತು. ಸಂಪಿಗೆ ಮೇಡಂ ಹೇಳಿದ ಹಾಗೆ ಲ್ಯಾಪ್‌ಟಾಪ್ ಇಳಿಸಬೇಕು, ಅದಕ್ಕೆ ಕ್ಯಾರಿಯರ್ ದಾರಿ ಹುಡುಕುತ್ತಿದ್ದೇನೆ. ಆದರೂ ಬ್ರೇಕ್ ಸಮಸ್ಯೆ ಹಾಗೇ ಇದೆ. ಇಂಟರಪ್ಟರ್ ಲಿವರ್ ಇರುವ ಸೈಕಲ್ ಒಂದನ್ನು ಸ್ನೇಹಿತನ ಹತ್ತಿರ ಓಡಿಸಿ ನೋಡಿದೆ. ಬ್ರೇಕ್ ಸಿಗುತ್ತದೆ ನಿಜ, ಆದರೆ ಎರಡೂ ಕೈ ಅಷ್ಟು ಹತ್ತಿರ ಇಟ್ಟುಕೊಂಡು ನಿಧಾನಕ್ಕೆ ಗುಂಡಿ ತಪ್ಪಿಸುವಾಗ ಹ್ಯಾಂಡಲ್ ಅಲುಗಾಡುತ್ತದೆ. ಗೇರ್ ಹಾಕೋಕೆ ಮತ್ತೆ ಕೈ ಮುಂದೆ ಹೋಗಬೇಕು. ನನಗೆ ಅಗಲವಾದ ಹಿಡಿತ ಬೇಕು, ಬ್ರೇಕು ಗೇರು ಎರಡೂ ಬೆರಳ ಕೆಳಗೇ ಇರಬೇಕು. ಹಾಗಾಗಿ ಫ್ಲಾಟ್ ಬಾರ್ ಮಾಡಿಸೋದು ಅಂತಲೇ ತೀರ್ಮಾನ ಮಾಡಿದ್ದೇನೆ. ಏನೇನು ತರಬೇಕು?

ಗೇರುಬೀಜ
ಸರಿ, ಕಾರಣ ಸ್ಪಷ್ಟವಾಗಿದೆ. ಹಾಗಾದರೆ ಮಾಡಿಸಿ, ನಿಮ್ಮ ಸೈಕಲ್‌ಗೆ ಇದು ಒಳ್ಳೇ ಕೆಲಸವೇ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಅಂಗಡಿಯಲ್ಲಿ ಇದ್ದ ಸಾಮಾನು ಹಾಕಿ ಕಳಿಸಿಬಿಡುವವರೂ ಇದ್ದಾರೆ.

ಈಗ ಇರುವ ಲಿವರ್ ಫ್ಲಾಟ್ ಬಾರ್‌ಗೆ ಕೂರಲ್ಲ. ಡ್ರಾಪ್ ಬಾರ್ ಕೊಳವೆ 23.8 ಮಿ.ಮೀ., ಫ್ಲಾಟ್ ಬಾರ್ 22.2 ಮಿ.ಮೀ. ಕೂರಿಸಿದರೂ ಆಕಾರ ಹೊಂದಲ್ಲ. ಸ್ಟೆಮ್ ಹಿಡಿಯುವ ಮಧ್ಯ ಭಾಗ ಮಾತ್ರ ಇತ್ತೀಚಿನ ಎರಡು ಜಾತಿಯಲ್ಲೂ ಸಾಮಾನ್ಯವಾಗಿ 31.8, ಅಲ್ಲಿ ತೊಂದರೆ ಇಲ್ಲ.

ಬ್ರೇಕ್ ಲಿವರ್ ವಿಷಯದಲ್ಲಿ ರಾಜಿ ಬೇಡವೇ ಬೇಡ. ಎಂಟಿಬಿ (ಮೌಂಟನ್ ಬೈಕ್) ಸೈಕಲ್‌ಗಳ ತಂತಿ ಎಳೆಯುವ ಲಿವರ್ ಸಾಮಾನ್ಯವಾಗಿ ವಿ ಬ್ರೇಕ್‌ಗೆ (ಉದ್ದ ತೋಳಿನ ರಿಮ್ ಬ್ರೇಕ್) ಅಂತ ಮಾಡಿದ್ದು, ಅದು ತಂತಿಯನ್ನು ಜಾಸ್ತಿ ಎಳೆಯುತ್ತದೆ. ನಿಮ್ಮ ರೋಡ್ ಕ್ಯಾಲಿಪರ್‌ಗೆ (ರಿಮ್ ಹಿಡಿಯುವ ಬ್ರೇಕ್) ಬೇಕಾಗಿರೋದು ಕಡಿಮೆ ಎಳೆತ, ಜಾಸ್ತಿ ಬಲ. ವಿ ಬ್ರೇಕ್ ಲಿವರ್ ಹಾಕಿದರೆ ಏನಾಗುತ್ತದೆ ಅಂದರೆ, ಲಿವರ್ ಸ್ವಲ್ಪ ಅಲುಗಿದ ಕೂಡಲೇ ಪ್ಯಾಡ್ ರಿಮ್ ಮುಟ್ಟುತ್ತದೆ, ಕೈಗೆ ಕಲ್ಲಿನಷ್ಟು ಗಟ್ಟಿ ಅನ್ನಿಸುತ್ತದೆ, ಅಂಗಡಿ ಮುಂದೆ ನಿಂತು ಒತ್ತಿ ನೋಡಿದರೆ ಬ್ರೇಕ್ ಸೂಪರ್ ಅಂತಲೇ ಅನ್ನಿಸುತ್ತದೆ. ಆದರೆ ಇಳಿಜಾರಿನಲ್ಲಿ ಎಷ್ಟು ಹಿಂಡಿದರೂ ಸೈಕಲ್ ನಿಲ್ಲಲ್ಲ. ಇದು ಜೀವಕ್ಕೆ ಸಂಬಂಧಪಟ್ಟದ್ದು. "ರೋಡ್ ಕ್ಯಾಲಿಪರ್‌ಗೆ ಆಗುವ ಫ್ಲಾಟ್ ಬಾರ್ ಲಿವರ್" ಅಂತಲೇ ಕೇಳಿ. ಶಿಮಾನೋದಲ್ಲಿ ಬಿಎಲ್-4700 ಅಂತ ಟಿಯಾಗ್ರಾ ಸರಣಿಯದು ಇದೆ.

ಒಳಗಿನ ಬ್ರೇಕ್ ತಂತಿಯೂ ಹೊಸದೇ ಬೇಕು. ರೋಡ್ ಲಿವರ್ ತಂತಿಯ ತುದಿಯ ಗುಂಡು ಸಣ್ಣ, ಪೇರ್ ಹಣ್ಣಿನ ಆಕಾರ. ಫ್ಲಾಟ್ ಬಾರ್ ಲಿವರ್‌ಗೆ ಪೀಪಾಯಿ ಆಕಾರದ ಗುಂಡು. ಇನ್ನು ಔಟರ್. ಗೇರ್ ಔಟರ್ 4 ಮಿ.ಮೀ., ಅದರೊಳಗೆ ತಂತಿಗಳು ಉದ್ದುದ್ದಕ್ಕೆ ಇರುತ್ತವೆ. ಬ್ರೇಕ್ ಔಟರ್ 5 ಮಿ.ಮೀ., ತಂತಿ ಸುರುಳಿ ಸುತ್ತಿರುತ್ತದೆ. ಗೇರ್ ಔಟರ್ ಅನ್ನು ಬ್ರೇಕ್‌ಗೆ ಹಾಕಿದರೆ ಜೋರಾಗಿ ಬ್ರೇಕ್ ಹಿಡಿದಾಗ ಅದು ಒಡೆದು ಹೋಗಬಹುದು.

ಹಿಂದಿನ ಗೇರ್ ನಿಮಗೆ ಸುಲಭ. ಶಿಮಾನೋದಲ್ಲಿ 9 ಸ್ಪೀಡ್‌ವರೆಗೆ ರೋಡ್ ಮತ್ತು ಎಂಟಿಬಿ ಹಿಂದಿನ ಡಿರೇಲರ್‌ಗಳ (ಚೈನ್ ಸರಿಸುವ ಭಾಗ) ಎಳೆತದ ಲೆಕ್ಕ ಒಂದೇ. ಹಾಗಾಗಿ 8 ಸ್ಪೀಡ್ ಆಲ್ಟಸ್ ಅಥವಾ ಏಸೆರಾ ಬಲಗಡೆ ಶಿಫ್ಟರ್ ನಿಮ್ಮ ಕ್ಲಾರಿಸ್‌ಗೆ ಚೆನ್ನಾಗಿ ಆಗುತ್ತದೆ. 10 ಸ್ಪೀಡ್‌ನಿಂದ ಮೇಲೆ ಈ ಅದೃಷ್ಟ ಇಲ್ಲ. ಅವರು ಅದೇ ಸರಣಿಗೆ ಮಾಡಿದ ಫ್ಲಾಟ್ ಬಾರ್ ಶಿಫ್ಟರನ್ನೇ ಹುಡುಕಬೇಕು. ಶಿಮಾನೋ 105 ಸರಣಿಯ ಆರ್7000 ಇದ್ದವರಿಗೆ ಎಸ್ಎಲ್-ಆರ್ಎಸ್700, ಟಿಯಾಗ್ರಾ 4700ಗೆ ಎಸ್ಎಲ್-4700.

ತಲೆನೋವು ಇರೋದು ಮುಂದಿನ ಗೇರ್‌ನಲ್ಲಿ. ರೋಡ್ ಮುಂದಿನ ಡಿರೇಲರ್‌ಗೂ ಎಂಟಿಬಿ ಎಡಗಡೆ ಶಿಫ್ಟರ್‌ಗೂ ಎಳೆತ ಹೊಂದಲ್ಲ, ಚೈನ್ ಎಲ್ಲೋ ಒಂದು ಕಡೆ ಉಜ್ಜುತ್ತಲೇ ಇರುತ್ತದೆ. ಒಂದೋ ರೋಡ್ ಫ್ಲಾಟ್ ಬಾರ್ ಶಿಫ್ಟರ್ ತನ್ನಿ, ಇಲ್ಲವೋ ಎಡಗಡೆಗೆ ಕ್ಲಿಕ್ ಇಲ್ಲದ ಫ್ರಿಕ್ಷನ್ ಥಂಬ್ ಶಿಫ್ಟರ್ ಹಾಕಿ. ನನ್ನ ಆಯ್ಕೆ ಎರಡನೆಯದು. ಹೆಬ್ಬೆರಳಲ್ಲಿ ಎಷ್ಟು ಬೇಕೋ ಅಷ್ಟು ತಳ್ಳಿ, ಚೈನ್ ಸದ್ದು ನಿಂತ ಕಡೆ ಬಿಡಿ, ಯಾವ ಡಿರೇಲರ್ ಆದರೂ ನಡೆಯುತ್ತದೆ. ರಿಂಗ್ ರೋಡ್ ಸವಾರಿಯಲ್ಲಿ ಮುಂದಿನ ಗೇರ್ ಎಷ್ಟು ಸಲ ಬದಲಾಯಿಸುತ್ತೀರಿ ಹೇಳಿ.

ನೇತ್ರಾವತಿ ತೀರ
ಮಂಗಳೂರಿನಿಂದ ಒಂದು ಸೇರಿಸುತ್ತೇನೆ. ಎಲ್ಲ ಕೇಬಲ್ ಹೊಸದು ಹಾಕಿಸುವಾಗಲೇ ಸ್ಟೇನ್‌ಲೆಸ್ ತಂತಿ ಹಾಕಿಸಿ. ಮಳೆಗಾಲದಲ್ಲಿ ಸಾದಾ ತಂತಿ ಔಟರ್ ಒಳಗೇ ತುಕ್ಕು ಹಿಡಿಯುತ್ತದೆ, ಹೊರಗೆ ಕಾಣಲ್ಲ, ಲಿವರ್ ಮಾತ್ರ ದಿನೇದಿನೇ ಗಟ್ಟಿ ಆಗುತ್ತಾ ಹೋಗುತ್ತದೆ. ರಿಮ್ ಬ್ರೇಕ್ ಮಳೆಯಲ್ಲಿ ಮೊದಲು ನೀರು ಒರೆಸುತ್ತದೆ, ಆಮೇಲೆ ಹಿಡಿಯುತ್ತದೆ. ಹ್ಯಾಂಡಲ್ ಬದಲಾಯಿಸಿದ್ದರಿಂದ ಅದು ಬದಲಾಗಲ್ಲ. ಒಳ್ಳೇ ಬ್ರೇಕ್ ಪ್ಯಾಡ್‌ಗೂ ಸ್ವಲ್ಪ ದುಡ್ಡು ಇಟ್ಟುಕೊಳ್ಳಿ.

ಇನ್ನೊಂದು ವಿಷಯ. ಯಾವ ಕೈಗೆ ಯಾವ ಬ್ರೇಕ್ ಅಂತ ಮೊದಲೇ ಹೇಳಿ ಮಾಡಿಸಿ. ಸ್ಕೂಟರ್, ಬೈಕ್ ಓಡಿಸುವವರಿಗೆ ಬಲಗೈ ಅಂದರೆ ಮುಂದಿನ ಬ್ರೇಕ್ ಅಂತ ರೂಢಿ ಇರುತ್ತದೆ. ಗಾಬರಿಯಲ್ಲಿ ಕೈ ಹಳೇ ರೂಢಿಯ ಪ್ರಕಾರವೇ ಹೋಗೋದು.

ಹಳೇ ಉಕ್ಕು
ಅಪ್ಪನ ಕಾಲದ ಸ್ಟೀಲ್ ರೇಸಿಂಗ್ ಸೈಕಲ್ ಇಟ್ಟುಕೊಂಡವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ. ಗೇರ್ ಲಿವರ್ ಫ್ರೇಮ್‌ನ ಕೆಳಕೊಳವೆ ಮೇಲೆ ಇದ್ದರೆ ನಿಮ್ಮ ಕೆಲಸ ತುಂಬಾ ಸುಲಭ. ಅದನ್ನು ಅಲ್ಲೇ ಬಿಡಿ, ಹ್ಯಾಂಡಲ್ಲು, ಬ್ರೇಕ್ ಲಿವರ್ರು, ತಂತಿ ಬದಲಾಯಿಸಿದರೆ ಮುಗಿಯಿತು. ಆದರೆ ಸ್ಟೆಮ್ ಅಳತೆ ನೋಡಿ. ಹಳೇ ರೋಡ್ ಸ್ಟೆಮ್ ಹಲವು 26.0 ಮಿ.ಮೀ., ಹಳೇ ಫ್ಲಾಟ್ ಬಾರ್ 25.4. ಕಣ್ಣಿಗೆ ಒಂದೇ ಥರ ಕಾಣುತ್ತದೆ, ಬಿಗಿ ಮಾಡಿದರೆ ಕೂತ ಹಾಗೇ ಇರುತ್ತದೆ. ಹಂಪ್ ಹಾರಿದಾಗ ಅಥವಾ ಜೋರಾಗಿ ಬ್ರೇಕ್ ಹಿಡಿದಾಗ ಹ್ಯಾಂಡಲ್ ಸರ್ರಂತ ಮುಂದಕ್ಕೆ ತಿರುಗಿಬಿಡುತ್ತದೆ. ಅದೇ ಅಳತೆಯ ಶಿಮ್ (ಮಧ್ಯೆ ಹಾಕುವ ತೆಳು ತಗಡು) ಅಥವಾ ಸ್ಟೆಮ್ ಹಾಕಿ.

ಡಬಲ್ ಸ್ಟ್ಯಾಂಡ್
ಒಪ್ಪಿದೆ, ರಿಮ್ ಬ್ರೇಕ್ 8 ಸ್ಪೀಡ್‌ಗೆ ಇದು ನಡೆಯುತ್ತದೆ. ಆದರೆ 11 ಸ್ಪೀಡ್, ಹೈಡ್ರಾಲಿಕ್ ಡಿಸ್ಕ್ ಇರುವವರು ಈ ದಾರಿ ಹಿಡಿಯೋದು ಬೇಡ ಅಂತ ಮತ್ತೆ ಹೇಳುತ್ತೇನೆ. ಲಿವರ್, ಆಯಿಲ್ ಲೈನ್, ಬ್ಲೀಡಿಂಗ್ (ಲೈನ್‌ನಿಂದ ಗಾಳಿ ತೆಗೆಯೋದು), ಶಿಫ್ಟರ್ ಎಲ್ಲ ಸೇರಿದರೆ ಸೆಕೆಂಡ್ ಹ್ಯಾಂಡ್ ಹೈಬ್ರಿಡ್‌ನ ಬೆಲೆ ಹತ್ತಿರ ಬರುತ್ತದೆ. ಅಂಥ ಸೈಕಲ್ ಹಾಗೇ ಮಾರಿದರೆ ಒಳ್ಳೇ ಬೆಲೆ ಸಿಗುತ್ತದೆ.

ಗೇರುಬೀಜ
ಹೈಡ್ರಾಲಿಕ್ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ತಂತಿ ಎಳೆಯುವ ಡಿಸ್ಕ್ ಇದ್ದರೂ ಎಳೆತದ ಲೆಕ್ಕ ನೋಡಬೇಕು. ಟಿಆರ್‌ಪಿ ಕಂಪನಿಯ ಸ್ಪೈರ್ ಡಿಸ್ಕ್ ಬ್ರೇಕ್ ರೋಡ್ ಲಿವರ್‌ಗೆ, ಸ್ಪೈಕ್ ಎಂಟಿಬಿ ಲಿವರ್‌ಗೆ. ಎವಿಡ್ ಬಿಬಿ7ನಲ್ಲೂ ರೋಡ್, ಎಂಟಿಬಿ ಅಂತ ಎರಡು ಬೇರೆ ಬೇರೆ ಬರುತ್ತವೆ.

ಗೋಲಗುಮ್ಮಟ
ನಾನು ಇನ್ನೂ ಡ್ರಾಪ್ ಬಾರ್ ಕಡೆಯವನೇ. ಆದರೆ ಬದಲಾಯಿಸುವುದಾದರೆ ಉದ್ದದ ಲೆಕ್ಕ ಮರೆಯಬೇಡಿ. ರೋಡ್ ಬೈಕ್ ಫ್ರೇಮ್ ಮಾಡುವಾಗ ಹ್ಯಾಂಡಲ್ ಮುಂದೆ ಹುಡ್ ಇರುತ್ತದೆ ಅಂತ ಲೆಕ್ಕ ಹಾಕಿಯೇ ಮೇಲಿನ ಕೊಳವೆಯನ್ನು ಗಿಡ್ಡ ಇಟ್ಟಿರುತ್ತಾರೆ. ಡ್ರಾಪ್ ಬಾರ್ ತೆಗೆದರೆ ಕೈ ಇಡುವ ಜಾಗ ಹುಡ್‌ಗಿಂತ ಸುಮಾರು 10 ಸೆಂ.ಮೀ. ಹಿಂದೆ ಬರುತ್ತದೆ. ಈಗ ನಿಮಗೆ ದೂರ ಅನ್ನಿಸುತ್ತಿದೆ, ಆಮೇಲೆ ಇಕ್ಕಟ್ಟು ಅನ್ನಿಸಬಹುದು. ಎದ್ದು ನಿಂತು ತುಳಿದಾಗ ಮಂಡಿ ಹ್ಯಾಂಡಲ್‌ಗೆ ತಾಗುತ್ತದಾ ನೋಡಿಕೊಳ್ಳಿ. ಇಕ್ಕಟ್ಟು ಆದರೆ 110 ಅಥವಾ 120 ಸ್ಟೆಮ್ ಹಾಕಿ.

ಕತ್ರಿಗುಪ್ಪೆ ಸವಾರ
ಕೆಲಸ ಮುಗಿಯಿತು, ಏನು ಹಾಕಿಸಿದೆ ಅಂತ ಬರೆಯುತ್ತೇನೆ, ಮುಂದೆ ಹುಡುಕುವವರಿಗೆ ಉಪಯೋಗ ಆಗಲಿ. ಅಲ್ಯುಮಿನಿಯಂ ಫ್ಲಾಟ್ ಬಾರ್, ರೋಡ್ ಕ್ಯಾಲಿಪರ್ ಲಿವರ್, ಬಲಗಡೆ ಆಲ್ಟಸ್ 8 ಸ್ಪೀಡ್, ಎಡಗಡೆ ಫ್ರಿಕ್ಷನ್ ಥಂಬ್ ಶಿಫ್ಟರ್, ಪೂರ್ತಿ ಸ್ಟೇನ್‌ಲೆಸ್ ಕೇಬಲ್, ರೆಕ್ಕೆ ಗ್ರಿಪ್. ಮೊದಲು ಹೋದ ಅಂಗಡಿಯವರು ವಿ ಬ್ರೇಕ್ ಲಿವರ್ ಹಾಕೋಕೆ ಹೊರಟಿದ್ದರು, ಎಲ್ಲ ಒಂದೇ ಸರ್ ಅಂದರು. ಇಲ್ಲಿ ಓದಿದ್ದರಿಂದ ಬೇಡ ಅಂದೆ, ಬೇರೆ ಕಡೆ ಮಾಡಿಸಿದೆ. ಖರ್ಚಿನ ದೊಡ್ಡ ಪಾಲು ಲಿವರ್‌ಗೇ ಹೋಯಿತು. ಹಳೇ ಕ್ಲಾರಿಸ್ ಲಿವರ್ ಜೋಡಿಯನ್ನು ಓಎಲ್‌ಎಕ್ಸ್‌ನಲ್ಲಿ ಹಾಕಿದ್ದೇನೆ.

ಸಿಲ್ಕ್ ಬೋರ್ಡ್ ಹತ್ತಿರ ಈಗ ಎರಡು ಬೆರಳು ಲಿವರ್ ಬಿಟ್ಟು ಏಳುವುದೇ ಇಲ್ಲ. ಹಿಂದೆ ತಿರುಗಿ ನೋಡಿದರೂ ಸೈಕಲ್ ನೆಟ್ಟಗೆ ಹೋಗುತ್ತದೆ. ಗೋಲಗುಮ್ಮಟ ಅಣ್ಣ ಹೇಳಿದ್ದು ನಿಜ, ಅಗರದಿಂದ ಮುಂದೆ ಎದುರುಗಾಳಿ ಇದ್ದ ದಿನ ಜಾಸ್ತಿ ತುಳಿಯಬೇಕು. ಸ್ವಲ್ಪ ಇಕ್ಕಟ್ಟೂ ಅನ್ನಿಸಿತು, 120 ಸ್ಟೆಮ್ ಹಾಕಿಸಿದ ಮೇಲೆ ಸರಿಹೋಯಿತು. ಲ್ಯಾಪ್‌ಟಾಪ್ ಈಗ ಸೀಟ್ ಪೋಸ್ಟ್‌ಗೆ ಕಚ್ಚುವ ಕ್ಯಾರಿಯರ್ ಮೇಲೆ.

ಒಂದು ಪ್ರಶ್ನೆ ಉಳಿದಿದೆ. ಬಾರ್ 72 ಸೆಂ.ಮೀ. ಅಗಲ ಇದೆ, ಹಳೇದು 42 ಇತ್ತು. ಕಾರು ಮತ್ತು ಫುಟ್‌ಪಾತ್ ಮಧ್ಯೆ ತೂರೋಕೆ ಆಗುತ್ತಿಲ್ಲ, ಕಾರಿನ ಕನ್ನಡಿಗೆ ತಾಗುತ್ತದೆ. ಎಷ್ಟಕ್ಕೆ ಕತ್ತರಿಸಲಿ?

ಗೇರುಬೀಜ
ಒಮ್ಮೆಗೇ ಕತ್ತರಿಸಬೇಡಿ. ಗ್ರಿಪ್, ಲಿವರ್, ಶಿಫ್ಟರ್ ಎಲ್ಲವನ್ನೂ ಎರಡೂ ಕಡೆ ಸಮನಾಗಿ ಒಳಗೆ ಸರಿಸಿ, ಕೆಲವು ದಿನ ಹಾಗೇ ಓಡಿಸಿ. ತುದಿ ಹೊರಗೆ ಚಾಚಿಕೊಂಡಿರುತ್ತದೆ, ಅಷ್ಟು ದಿನ ಟ್ರಾಫಿಕ್‌ನಲ್ಲಿ ತೂರಬೇಡಿ. ಕೈಗೆ ಸರಿ ಅನ್ನಿಸಿದ ಮೇಲೆ ಗುರುತು ಹಾಕಿ. ನಗರಕ್ಕೆ 56ರಿಂದ 60 ಸೆಂ.ಮೀ. ಸಾಕಾಗುತ್ತದೆ. ಗುರುತಿಗಿಂತ ಒಂದು ಸೆಂ.ಮೀ. ಜಾಸ್ತಿ ಬಿಟ್ಟು ಕತ್ತರಿಸಿ, ಆಮೇಲೆ ಬೇಕಾದರೆ ಇನ್ನಷ್ಟು ತೆಗೆಯಬಹುದು. ಪೈಪ್ ಕಟರ್ ಇದ್ದರೆ ಅಂಚು ನೇರ ಬರುತ್ತದೆ. ಕತ್ತರಿಸಿದ ಮೇಲೆ ಅರದಿಂದ ಅಂಚು ನಯ ಮಾಡಿ, ತುದಿಗೆ ಪ್ಲಗ್ ಹಾಕಲೇಬೇಕು. ಬಿದ್ದಾಗ ತೆರೆದ ಕೊಳವೆ ಹೊಟ್ಟೆಗೆ ತಾಗಿದರೆ ಅಪಾಯ.

ಸಂಪಿಗೆ ರಸ್ತೆ
ಕತ್ತರಿಸಿದ ಮೇಲೆ ಗ್ರಿಪ್‌ನ ಒಳಗಡೆ, ಲಿವರ್ ಪಕ್ಕಕ್ಕೆ, ಒಂದು ಜೊತೆ ಗಿಡ್ಡ ಬಾರ್ ಎಂಡ್ (ಮುಂದಕ್ಕೆ ಚಾಚುವ ಪುಟ್ಟ ಹಿಡಿ) ಹಾಕಿಸಿ. ತುದಿಗೆ ಬೇಡ, ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಹೆಬ್ಬೆರಳನ್ನು ಅದರ ಮೇಲೆ ಸುತ್ತಿ ಹಿಡಿದರೆ ಮಣಿಕಟ್ಟು ಡ್ರಾಪ್ ಬಾರ್ ಹುಡ್ ಹಿಡಿದ ಹಾಗೇ ಇರುತ್ತದೆ, ಬೆರಳು ಲಿವರ್ ಬಿಡಬೇಕಾಗಿಲ್ಲ. ಅಗರದ ಎದುರುಗಾಳಿಗೂ ಅದು ಆಗುತ್ತದೆ.

ಕತ್ರಿಗುಪ್ಪೆ ಸವಾರ
ಸರಿ ಮೇಡಂ, ಬಾರ್ ಎಂಡ್‌ಗೂ ಜಾಗ ಬಿಟ್ಟೇ ಗುರುತು ಹಾಕುತ್ತೇನೆ. ಈಗ ಎಲ್ಲ ಒಳಗೆ ಸರಿಸಿದ್ದೇನೆ, 60ಕ್ಕೆ ನಿಂತಿದೆ.